ಹೋಮ್ ಮಿನಿಸ್ಟರ್ ಒಪ್ಪಿದ್ರಾ?

ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋಗುವವರು, ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರು, ಹಳೇ ಆಂಪ್ಲಿಫೈಯರ್ ಹುಡುಕಿ ಕೊಳ್ಳುವವರು. ಈ ಮೂರು ಗುಂಪಿಗೂ ಒಬ್ಬರಿಗೊಬ್ಬರ ಪರಿಚಯ ಇರಲಿಕ್ಕಿಲ್ಲ. ಆದರೂ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ‘ಏನ್ ಸಾರ್, ಹೋಮ್ ಮಿನಿಸ್ಟರ್ ಪರ್ಮಿಷನ್ ಸಿಕ್ತಾ?’ ಮಿನಿಸ್ಟರ್ ಹಳತಾದರೆ ಹೈಕಮಾಂಡ್. ಮೊದಲನೇ ಸಲ ಯಾರೋ ಹೇಳಿದಾಗ ನಗು ಬಂದಿರಬಹುದು. ಈಗ ಮದುವೆಮನೆ ಮೈಕಿನ ‘ಹಲೋ ಚೆಕ್ ಚೆಕ್’ ಥರ ಆಗಿಬಿಟ್ಟಿದೆ.

ಇದು ನಮ್ಮೂರಿನ ಚಾಳಿ ಮಾತ್ರ ಅಲ್ಲ. ಇಂಗ್ಲಿಷಿನ ಹವ್ಯಾಸಿಗಳು ಹೆಂಡತಿಗೆ ‘ಎಸ್‌ಡಬ್ಲ್ಯೂಎಂಬಿಓ’ ಅಂತಾರೆ. ಅಂದರೆ, ಯಾರ ಮಾತನ್ನು ಮೀರುವಂತಿಲ್ಲವೋ ಆಕೆ. ರೈಡರ್ ಹ್ಯಾಗರ್ಡನ ‘ಶೀ’ ಕಾದಂಬರಿ 1887ರಲ್ಲಿ ಪುಸ್ತಕವಾಗಿ ಬಂತು, ಅದರಲ್ಲಿ ಬರುವ ರಾಣಿಯ ಬಿರುದು ಇದು. ಆಕೆಗೆ ಸುಮಾರು ಎರಡು ಸಾವಿರ ವರ್ಷ ವಯಸ್ಸು, ಸಿಟ್ಟು ಬಂದರೆ ನಿಂತಲ್ಲೇ ಆಳನ್ನು ಕೊಲ್ಲಬಲ್ಲಳು. ‘ಈ ಸ್ಪೀಕರನ್ನ ಎಲ್ಲಿಡೋದ್ರೀ?’ ಅಂತ ಕೇಳಿದ ಹೆಂಗಸಿಗೆ ಈ ಬಿರುದು! ಹೈಫೈ ಮಂದಿಯದು ಇನ್ನೊಂದು, ‘ವೈಫ್ ಆಕ್ಸೆಪ್ಟೆನ್ಸ್ ಫ್ಯಾಕ್ಟರ್’. 1983ರಲ್ಲೇ ಸ್ಟೀರಿಯೋಫೈಲ್ ಪತ್ರಿಕೆಯಲ್ಲಿ ಅಚ್ಚಾದ ಮಾತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸೋದು ಹ್ಯಾಮ್ ರೇಡಿಯೋದವರ ಭಾಷೆ. ಮೋರ್ಸ್ ಕೀಲಿ ಕುಟ್ಟಿ ಮಾತಾಡುವವರಿಗೆ ಅಕ್ಷರ ಉಳಿಸಲೇಬೇಕು, ಹಾಗಾಗಿ ಎಲ್ಲಕ್ಕೂ ಗುಟುಕು ಸಂಕೇತ. ಗಂಡಸು ‘ಓಎಂ’, ಅಂದರೆ ಓಲ್ಡ್ ಮ್ಯಾನ್. ಹದಿನೈದರ ಹುಡುಗನೂ ಓಎಂ, ಎಂಬತ್ತರ ತಾತನೂ ಓಎಂ, ಮದುವೆಯಾದರೂ ಆಗದಿದ್ದರೂ ಓಎಂ. ಹೆಂಗಸು ‘ವೈಎಲ್’, ಯಂಗ್ ಲೇಡಿ. ಅವಳು ಹೆಂಡತಿಯಾದರೆ ಮಾತ್ರ ‘ಎಕ್ಸ್‌ವೈಎಲ್’, ಮಾಜಿ ಯಂಗ್ ಲೇಡಿ! ಇದರಲ್ಲಿ ಯಾರ ದುರುದ್ದೇಶವೂ ಇರಲಿಕ್ಕಿಲ್ಲ. ಆದರೆ ತಾಳಿ ಬಿದ್ದ ಮೇಲೆ ಮಾಜಿಯಾಗೋದು ಯಾರು ಅನ್ನೋದನ್ನ ಆ ಒಂದು ‘ಎಕ್ಸ್’ ಹೇಳಿಬಿಡುತ್ತೆ.

‘ಅಯ್ಯೋ, ತಮಾಷೆಗೆ ಕಣ್ರೀ, ಅವಳಿಗೇ ಪವರ್ ಕೊಡ್ತಿದೀವಲ್ಲ’ ಅನ್ನೋರಿದ್ದಾರೆ. ಹಾಗಾದ್ರೆ ಲೆಕ್ಕ ನೋಡೋಣ. ಲೆನ್ಸಿಗೆ ಲಕ್ಷ ರೂಪಾಯಿ ಬೇಕು, ಅದೇ ತಿಂಗಳು ಮಗಳ ಫೀಸೂ ಕಟ್ಟಬೇಕು. ಹೆಂಡತಿ ‘ಈಗ ಬೇಡ’ ಅಂತಾಳೆ. ಗುಂಪಿಗೆ ತಲುಪೋದು ಏನು? ಫೀಸಿನ ವಿಷಯ ಅಲ್ಲ. ‘ಹೈಕಮಾಂಡ್ ಒಪ್ಪಲಿಲ್ಲ’ ಅಷ್ಟೆ. ಅವಳ ಕಾರಣ ದಾರಿಯಲ್ಲೇ ಉದುರಿಹೋಗಿ ಬರೀ ‘ಬೇಡ’ ಉಳಿಯುತ್ತೆ. ಈ ಅಡ್ಡಹೆಸರಿನ ನಿಜವಾದ ಕೆಲಸ ಇದೇ ಅಂತ ನನ್ನ ಅನುಮಾನ. ಹೆಸರಿರುವ ಹೆಂಗಸಿಗಾದ್ರೆ ಕಾರಣ ಇರುತ್ತೆ, ಹೈಕಮಾಂಡಿಗೆ ಕಾರಣ ಕೇಳೋರು ಯಾರು? ಆಮೇಲೆ ಪಾರ್ಸೆಲ್ಲನ್ನು ಆಫೀಸಿಗೆ ತರಿಸೋದು, ಲಕ್ಷವನ್ನು ನಲವತ್ತು ಸಾವಿರ ಅನ್ನೋದು, ಇವೆಲ್ಲ ಸುಳ್ಳಾಗಿ ಕಾಣಲ್ಲ. ಸರ್ಕಾರದ ಕಣ್ಣು ತಪ್ಪಿಸಿದ ಸಾಹಸವಾಗಿ ಕಾಣುತ್ತೆ, ಎಲ್ಲರೂ ಬೆನ್ನು ತಟ್ಟುತ್ತಾರೆ. ಇಬ್ಬರೂ ಸೇರಿ ಬೆಳೆಸಿದ ಗಂಟದು ಅನ್ನೋದು ಮರೆತೇಹೋಗಿರುತ್ತೆ.

ಅವಳ ಎದುರಲ್ಲೇ ಹೇಳ್ತೀವಿ, ಅವಳೂ ನಗ್ತಾಳೆ ಅಂತೀರಾ? ಹತ್ತು ಜನ ನಗುವಾಗ ಅವಳೊಬ್ಬಳು ಇನ್ನೇನು ಮಾಡಬೇಕಿತ್ತು!

ಅದೇ ಸೈಕಲ್ ಗುಂಪಿಗೆ ಒಬ್ಬ ಹೆಂಗಸು ಬಂದರೆ ನೋಡಿ. ಅವಳ ಗಂಡನಿಗೆ ಯಾರೂ ಹೋಮ್ ಮಿನಿಸ್ಟರ್ ಅನ್ನಲ್ಲ. ‘ಮನೇಲಿ ಏನೂ ಅನ್ನಲ್ವಾ? ಮಗೂನ ಯಾರು ನೋಡ್ಕೋತಾರೆ?’ ಅಂತ ತುಂಬಾ ಕಾಳಜಿಯಿಂದ ಕೇಳ್ತಾರೆ. ಗಂಡಸಿನ ವಿಷಯದಲ್ಲಿ ಜೋಕಾಗಿದ್ದ ಪರ್ಮಿಷನ್ನು ಇಲ್ಲಿ ನಿಜವಾದ ಪ್ರಶ್ನೆ. ಬೆಳಗಿನ ಐದು ಗಂಟೆಯ ಸವಾರಿಗೆ ಬರಬೇಕಂದ್ರೆ ಅವಳು ಹಿಂದಿನ ರಾತ್ರಿಯೇ ದೋಸೆಹಿಟ್ಟು ರುಬ್ಬಿಟ್ಟು ಮಲಗಿರ್ತಾಳೆ. ಜೋಕು ಕೇಳಿ ಅವಳು ಸುಮ್ಮನೆ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡ್ಕೋತಾಳೆ.

ಹೆಸರು ಹೇಳದೆ ಇರೋದು ನಮಗೇನೂ ಹೊಸದಲ್ಲ ಬಿಡಿ. ನಮ್ಮಜ್ಜಿಯರು ಗಂಡನ ಹೆಸರೆತ್ತುತ್ತಿರಲಿಲ್ಲ. ಉತ್ತರ ಕರ್ನಾಟಕದ ಕಡೆ ಮದುವೆಯಲ್ಲಿ ಹೆಸರು ಹೇಳು ಅಂತ ಪೀಡಿಸಿದರೆ ಒಡಪು ಕಟ್ಟಿ, ಪ್ರಾಸದ ನಡುವೆ ಅಡಗಿಸಿ ಹೇಳ್ತಾರೆ. ಅದರ ಹಿಂದೆ ಹೆದರಿಕೆಯೂ ಇತ್ತು, ಅದನ್ನ ಹಾಡಿ ಹೊಗಳಬೇಕಿಲ್ಲ. ಆದರೂ ಆ ಒಡಪಿನಲ್ಲಿ ಹೆಸರೊಂದು ಬಂದೇ ಬರುತ್ತೆ, ಅದನ್ನ ಕೇಳೋಕೇ ಅಷ್ಟು ಜನ ಕಿವಿಗೊಟ್ಟು ನಿಂತಿರ್ತಾರೆ. ಹತ್ತು ವರ್ಷ ಜೊತೆಗೆ ಬೆಟ್ಟ ಹತ್ತಿದ ಗೆಳೆಯನ ಸೈಕಲ್ಲಿನ ಗೇರ್ ಎಷ್ಟು ಅಂತ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಅವನ ಹೆಂಡತಿ ಹೆಸರು ಕೇಳಿ ನೋಡಿ.