ದನಿಯ ಅಳತೆ

ನಲವತ್ತು ದಾಟಿದ ಮನುಷ್ಯನು ಹೊಸದಾಗಿ ಏನನ್ನಾದರೂ ಕಲಿಯಹೊರಟರೆ ಲೋಕವು ಅವನನ್ನು ಎರಡು ಬಗೆಯಿಂದ ನೋಡುತ್ತದೆ. ಕಲಿಯುವುದು ಉಪಯೋಗದ ವಿದ್ಯೆಯಾದರೆ ‘ಶಹಬ್ಬಾಸ್’ ಎನ್ನುತ್ತದೆ. ಉಪಯೋಗವಿಲ್ಲದ ವಿದ್ಯೆಯಾದರೆ ‘ಮನೆಯಲ್ಲಿ ಎಲ್ಲರೂ ಕ್ಷೇಮವೆ?’ ಎಂದು ವಿಚಾರಿಸುತ್ತದೆ. ನಾನು ಎಲೆಕ್ಟ್ರಿಕ್ ಗಿಟಾರು ಕಲಿಯತೊಡಗಿದ ಸುದ್ದಿ ನಮ್ಮ ಕಾಲೇಜಿಗೆ ಮುಟ್ಟಿದಾಗ ನನಗೆ ದೊರೆತದ್ದು ಈ ಎರಡನೆಯ ಬಗೆಯ ವಿಚಾರಣೆ. ನಾನು ಕನ್ನಡದ ಅಧ್ಯಾಪಕ. ಇಪ್ಪತ್ತು ವರ್ಷಗಳಿಂದ ರಗಳೆ, ಷಟ್ಪದಿಗಳ ಲಕ್ಷಣ ಹೇಳುತ್ತ ಬಂದವನು. “ಆರು ಸಾಲು ಸಾಕಾಗಿ ಆರು ತಂತಿಗೆ ಇಳಿದಿರೇನು?” ಎಂದು ಒಬ್ಬ ಮಿತ್ರರು ನಕ್ಕರು. ನಾನೂ ನಕ್ಕೆ. ಆದರೆ ಈ ಆರು ತಂತಿಗಳು ನನ್ನ ಮುಂದೆ ತಂದಿಟ್ಟ ಒಂದು ಪ್ರಶ್ನೆ ನಕ್ಕು ಮುಗಿಸುವಂಥದಾಗಿರಲಿಲ್ಲ.

ವಾದ್ಯ ನನ್ನದಲ್ಲ. ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಕೊಂಡದ್ದು. ಪುಣೆಯಲ್ಲಿ ಕೆಲಸ ಸಿಕ್ಕು ಹೊರಟಾಗ ಗಿಟಾರನ್ನೂ ಅದರ ಜೊತೆಯ ಸಣ್ಣ ಆಂಪ್ಲಿಫಾಯರ್ ಪೆಟ್ಟಿಗೆಯನ್ನೂ ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ಇಟ್ಟುಹೋದ. ಆರು ತಿಂಗಳು ಅದು ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಒಂದು ರವಿವಾರ ಧೂಳು ಒರೆಸಲು ಇಳಿಸಿದೆ. ಒರೆಸುವಾಗ ಒಂದು ತಂತಿ ಮಿಡಿಯಿತು. ಅಷ್ಟೇ ನನ್ನ ಉಪದೇಶ. ಗುರುವೆಂದರೆ ಫೋನಿನ ಆಚೆ ತುದಿಯಲ್ಲಿದ್ದ ಅಳಿಯ. “ಮಾಮಾ, ಬೆರಳಿನ ತುದಿ ಇಡ್ರಿ, ಬೆರಳನ್ನೇ ಮಲಗಿಸಬ್ಯಾಡ್ರಿ” ಎಂದು ಅವನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

ಮೊದಲ ತಿಂಗಳು ಬೆರಳ ತುದಿಗಳು ಉರಿದವು; ಎರಡನೆಯ ತಿಂಗಳು ಅಲ್ಲಿ ಜಡ್ಡು ಕಟ್ಟಿತು. ಸೀಮೆಸುಣ್ಣವನ್ನಲ್ಲದೆ ಇನ್ನೇನನ್ನೂ ಬಲವಾಗಿ ಹಿಡಿದರಿಯದ ಕೈಗೆ ಮೊದಲ ಬಾರಿಗೆ ದುಡಿದ ಗುರುತು ಮೂಡಿತು. ಎಡಗೈಯ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಕ್ಕೆ ಒತ್ತಿ ಹಿಡಿಯುವ ಪಟ್ಟು ನನಗೆ ಇಂದಿಗೂ ಚೆನ್ನಾಗಿ ಒಲಿದಿಲ್ಲ. ನನಗೆ ಬೇಕಾದದ್ದು ಪಾಶ್ಚಾತ್ಯರ ಸ್ವರಮೇಳವೂ ಅಲ್ಲ. ಚಿಕ್ಕಂದಿನಲ್ಲಿ ಕುಪ್ಪೇಲೂರಿನ ಗುಡಿಯ ಕಟ್ಟೆಯ ಮೇಲೆ ಕೇಳಿದ ಭಜನೆಯ ಧಾಟಿಗಳು ಈ ತಂತಿಗಳಲ್ಲಿ ಎಲ್ಲಿ ಅಡಗಿವೆಯೆಂದು ಹುಡುಕುವುದೇ ನನ್ನ ಅಭ್ಯಾಸವಾಯಿತು. ಮೆಟ್ಟಿನ ಮೇಲೆ ತಂತಿಯನ್ನು ಒತ್ತಿ ಸ್ವಲ್ಪ ಬದಿಗೆ ಎಳೆದರೆ ಸ್ವರವು ಜಾರಿ ಮೇಲೇರುತ್ತದೆ. ಶರೀಫರ ಪದವೊಂದನ್ನು ಹಾಡುವಾಗ ನಮ್ಮ ತಂದೆಯವರು ದನಿಯನ್ನು ಹೀಗೆಯೇ ಜಾರಿಸುತ್ತಿದ್ದರು. ಅದು ಕೈಗೆ ಸಿಕ್ಕ ದಿನ ನನಗೆ ನಿದ್ದೆ ಬರಲಿಲ್ಲ.

ಈ ವಾದ್ಯದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಸಾಮಾನ್ಯ ಗಿಟಾರಿಗೆ ವೀಣೆ, ಸಿತಾರುಗಳಂತೆ ಟೊಳ್ಳಾದ ಒಡಲಿರುತ್ತದೆ. ತಂತಿಯ ನಾದ ಅಲ್ಲಿ ತುಂಬಿಕೊಂಡು ದೊಡ್ಡದಾಗುತ್ತದೆ. ಈಗಿನ ಹೆಚ್ಚಿನ ಎಲೆಕ್ಟ್ರಿಕ್ ಗಿಟಾರುಗಳ ಒಡಲು ಗಟ್ಟಿ ಹಲಗೆ. ವಿದ್ಯುತ್ತು ಇಲ್ಲದೆ ನುಡಿಸಿದರೆ ನುಡಿಸುವವನಿಗೆ ಮಾತ್ರ ಕೇಳುವಷ್ಟು, ಸೊಳ್ಳೆಯ ಗುಂಯ್ಗುಟ್ಟುವಿಕೆಯಷ್ಟು ದನಿ. ತಂತಿಗಳ ಕೆಳಗೆ ಅಯಸ್ಕಾಂತವಿದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ನಡುಗಿದರೆ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಪೆಟ್ಟಿಗೆಯು ಅದನ್ನು ಹಿಗ್ಗಿಸಿ ದನಿಯಾಗಿ ಹೊರಡಿಸುತ್ತದೆ. ಅಯಸ್ಕಾಂತದಿಂದ ವಿದ್ಯುತ್ತು ಹುಟ್ಟುವ ಈ ತತ್ತ್ವವನ್ನು ಫ್ಯಾರಡೆ ತೋರಿಸಿದ್ದು 1831ರಲ್ಲಿ. ಸರಿಯಾಗಿ ನೂರು ವರ್ಷಗಳ ಅನಂತರ, 1931ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಬೋಶಾಂಪ್ ಎಂಬ ವಾದಕ ಅದನ್ನು ಗಿಟಾರಿಗೆ ಹೊಂದಿಸಿದ. ಮಾರನೆಯ ವರ್ಷ ಅಡಾಲ್ಫ್ ರಿಕನ್‌ಬ್ಯಾಕರನ ಜೊತೆಗೂಡಿ ಮಾರಾಟಕ್ಕೆ ತಂದ. ಉದ್ದ ಹಿಡಿಯೂ ದುಂಡನೆಯ ಒಡಲೂ ಇದ್ದ ಆ ಅಲ್ಯುಮಿನಿಯಮ್ ವಾದ್ಯವನ್ನು ಜನ ಬಾಣಲೆಯೆಂದೇ ಕರೆದರು.

ಈ ಬಾಣಲೆ ಏಕೆ ಬೇಕಾಯಿತು? ಆ ಕಾಲದ ವಾದ್ಯಮೇಳಗಳಲ್ಲಿ ಕಹಳೆಗಳ ನಡುವೆ ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಮೆಲುದನಿಯವನಿಗೂ ಒಂದು ಪಾಲು ಸಿಕ್ಕಲಿ ಎಂಬುದೇ ಇದರ ಹುಟ್ಟಿನ ಕಾರಣ. ನ್ಯಾಯವಾದ ಕಾರಣವೇ ಸರಿ. ಆದರೆ ದನಿಯಿಲ್ಲದವನಿಗೆ ದನಿ ಕೊಡಲು ಬಂದ ಯಂತ್ರವು ದನಿಗೂ ದುಡಿಮೆಗೂ ಇದ್ದ ಹಳೆಯ ನಂಟನ್ನು ಕಡಿದುಹಾಕಿತು.

ಈ ನಂಟು ಎಂಥದೆಂಬುದನ್ನು ನಮ್ಮ ಕಡೆಯ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಧಾರವಾಡ, ಗದಗ, ಹಾವೇರಿಗಳ ಈ ನೆಲದಲ್ಲಿ ಸಂಗೀತವೆಂದರೆ ದಮ್ಮು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ವರ್ಷಗಟ್ಟಲೆ ಸ್ವರ ತಿದ್ದಿದರು. ಮೈಕು ಬರುವ ಮೊದಲಿನ ಕಂಪನಿ ನಾಟಕಗಳಲ್ಲಿ ಪಾತ್ರಧಾರಿಯ ಹಾಡು ಕೊನೆಯ ಸಾಲಿನಲ್ಲಿ ನೆಲಕ್ಕೆ ಕುಳಿತವನಿಗೂ ಮುಟ್ಟಬೇಕಾಗಿತ್ತು. ಅಲ್ಲಿ ಎಷ್ಟು ಸಾಧನೆಯೋ ಅಷ್ಟೇ ದನಿ. ಕಲಿಯದವನ ತಪ್ಪು ಅವನ ಓಣಿಯನ್ನು ದಾಟುತ್ತಿರಲಿಲ್ಲ. ನನ್ನ ಮುಂದಿದ್ದ ಪೆಟ್ಟಿಗೆಯಲ್ಲಾದರೋ ಗುಂಡಿಯೊಂದನ್ನು ತಿರುವಿದರೆ ಸಾಕು, ಎರಡು ತಿಂಗಳ ಅಭ್ಯಾಸಿಯ ತಪ್ಪು ಮೂರು ಓಣಿಗೆ ಕೇಳಿಸಬಲ್ಲದು.

ಕೇಳಿಸಿತು ಕೂಡ. ಒಂದು ಸಂಜೆ ಆ ಜಾರುಸ್ವರ ಸೊಗಸಾಗಿ ಬಂದ ಹಿಗ್ಗಿನಲ್ಲಿ ಗುಂಡಿಯನ್ನು ಅರ್ಧಕ್ಕಿಂತ ಹೆಚ್ಚು ತಿರುವಿದೆ. ಕಿಟಕಿಯ ಗಾಜು ನಡುಗಿತು. ನನ್ನ ಬೆರಳಿನಿಂದ ಇಷ್ಟು ದೊಡ್ಡದೊಂದು ಹೊರಟಿತೆಂಬುದನ್ನು ಕಂಡು ನನಗಾದ ಸಂತೋಷ ಸಂಗೀತದ್ದಲ್ಲ, ಅಧಿಕಾರದ್ದು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಸಿಟ್ಟಿನಿಂದ ಬಂದಿದ್ದರೆ ನನಗೂ ಉತ್ತರ ಹೊಳೆಯುತ್ತಿತ್ತು. ಅವರು ಕೈಮುಗಿದು, “ಸರ, ತಪ್ಪ ತಿಳೀಬ್ಯಾಡ್ರಿ. ಅವ್ವಗ ಎರಡು ದಿನದಿಂದ ನಿದ್ದಿ ಇರಲಿಲ್ಲ, ಈಗ ಕಣ್ಣ ಮುಚ್ಚಿದ್ಲು” ಎಂದರು. ಆ ಮನೆಯಲ್ಲಿ ಮುದುಕಿಯೊಬ್ಬರು ಹಾಸಿಗೆ ಹಿಡಿದಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಿರಲಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ಇರುಳು 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ಗೋಡೆಯಾಚೆ ಈ ಗಳಿಗೆಯಲ್ಲಿ ಯಾರು ಮಲಗಿದ್ದಾರೆಂಬುದನ್ನು ಯಾವ ನಿಯಮವೂ ನನಗೆ ಹೇಳಿಕೊಡುವಂತಿಲ್ಲ.

ಅಂದಿನಿಂದ ಪೆಟ್ಟಿಗೆಯನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದೆ. ಗಿಟಾರನ್ನು ಬರಿದೆ ನುಡಿಸುವುದು, ನನಗೆ ಮಾತ್ರ ಕೇಳಿದರೆ ಸಾಕು. ಕಲಿತಷ್ಟೇ ದನಿಯಿರಬೇಕು, ಅದಕ್ಕಿಂತ ಹೆಚ್ಚಿನದೆಲ್ಲ ಸಾಲದ ಸಿರಿ. ಹೀಗೊಂದು ಸೂತ್ರವನ್ನು ಕಟ್ಟಿಕೊಂಡೆ. ಸೂತ್ರ ಅಂದವಾಗಿತ್ತು. ನಾಲ್ಕು ಜನರ ಮುಂದೆ ಹೇಳಿ ಮೆಚ್ಚುಗೆಯನ್ನೂ ಪಡೆದೆ.

ಶ್ರಾವಣದಲ್ಲಿ ಊರಿಗೆ ಹೋದೆ. ವಾದ್ಯ ನೋಡಬೇಕೆಂದು ತಮ್ಮನ ಮಕ್ಕಳು ಹಟ ಹಿಡಿದಿದ್ದರಿಂದ ಗಿಟಾರನ್ನೂ ಪೆಟ್ಟಿಗೆಯನ್ನೂ ಒಯ್ದಿದ್ದೆ. ತಂದೆಯವರಿಗೆ ಈಗ ಎಂಬತ್ತೆರಡು. ಒಂದು ಕಾಲದಲ್ಲಿ ಪೇಟಿ, ಡಗ್ಗಾ, ತಾಳಗಳ ನಡುವೆ ಅವರ ದನಿಯೇ ಮುಂದು. ಈಗ ಕಿವಿ ಮಂದವಾಗಿದೆ. ಕಿವಿಗೆ ಹಾಕುವ ಯಂತ್ರವನ್ನು ತಂದುಕೊಟ್ಟಿದ್ದೇವೆ, ಅದು ಟ್ರಂಕಿನಲ್ಲಿದೆ. “ಎಲ್ಲಾ ಒಂದs ಸಮ ಒದರತೈತಿ” ಎಂಬುದು ಅವರ ದೂರು. ಶ್ರಾವಣದ ಭಜನೆಗೆ ಹೋಗುವುದನ್ನೂ ಬಿಟ್ಟಿದ್ದರು. ತಾಳ ತಪ್ಪಿದರೆ ತಮಗೇ ತಿಳಿಯದಲ್ಲ ಎಂಬ ಸಂಕೋಚ.

ಪಡಸಾಲೆಯಲ್ಲಿ ಅವರ ಎದುರು ಕುಳಿತು, ನನ್ನ ಸೂತ್ರದಂತೆ, ಬರಿಯ ಗಿಟಾರಿನಲ್ಲಿ ಅವರದೇ ಧಾಟಿಯನ್ನು ನುಡಿಸಿದೆ. ಅವರು ನನ್ನ ಬೆರಳುಗಳನ್ನೇ ನೋಡಿದರು. ಕೊನೆಗೆ, “ಯಾಕ, ಸುಮ್ಮನ ಕೈ ಆಡಸ್ತೀಯಲ್ಲ?” ಎಂದರು. ನನ್ನ ಸಂಯಮವೆಲ್ಲ ಅವರ ಪಾಲಿಗೆ ಬರಿಯ ಕೈಯಾಟವಾಗಿತ್ತು.

ಪೆಟ್ಟಿಗೆಗೆ ಕರೆಂಟು ಕೊಟ್ಟೆ. ಮೆಲ್ಲಗೆ ಗುಂಡಿ ತಿರುವುತ್ತ ಹೋದೆ. ಒಂದು ಹಂತದಲ್ಲಿ ಅವರ ಮುಖ ಮೇಲೆದ್ದಿತು. ಮುಪ್ಪಿನಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಆದ್ದರಿಂದ ಸಣ್ಣ ತಂತಿಗಳನ್ನು ಬಿಟ್ಟು ದಪ್ಪ ತಂತಿಗಳಿಗೆ ಇಳಿದೆ. “ಇದು ನಮ್ಮ ಪದ ಅಲ್ಲೇನೋ?” ಎಂದರು, ತೊಡೆಯ ಮೇಲೆ ಕೈ ತಾಳ ಹಾಕತೊಡಗಿತು. “ಇನ್ನಷ್ಟು ಮಾಡು” ಎಂದರು. ಇನ್ನಷ್ಟು ಮಾಡಿದೆ. ಆಗ ಕಂಬದ ಮರೆಯಲ್ಲಿದ್ದ ತಮ್ಮನ ಕಿರಿಯ ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿದಳು.

ಒಂದೇ ಮನೆ, ಒಂದೇ ಸ್ವರ. ಅಜ್ಜನಿಗೆ ಸಾಲದ್ದು ಮೊಮ್ಮಗಳಿಗೆ ಹೆಚ್ಚು. ನನ್ನ ಅಂದವಾದ ಸೂತ್ರ ಇಬ್ಬರಲ್ಲಿ ಯಾರಿಗೂ ಉಪಯೋಗವಾಗಲಿಲ್ಲ. ನಾನು ಕಲಿತದ್ದೆಷ್ಟು ಎಂಬುದು ಆ ಪಡಸಾಲೆಯಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಎದುರಿಗಿರುವವರು ಯಾರು ಎಂಬುದೇ ಪ್ರಶ್ನೆ. ರಾಣೇಬೆನ್ನೂರಿನಲ್ಲಿ ದನಿ ಎತ್ತರಿಸಿದ್ದೂ ಕುಪ್ಪೇಲೂರಿನಲ್ಲಿ ದನಿ ಅಡಗಿಸಿದ್ದೂ ಮೂಲದಲ್ಲಿ ಒಂದೇ ತಪ್ಪು. ಎರಡು ಕಡೆಯೂ ನಾನು ಅಳೆದದ್ದು ನನ್ನನ್ನೇ.

ದಾರಿ ತೋರಿಸಿದವರು ತಂದೆಯವರೇ. ಮಗು ಅಳುವುದನ್ನು ಕಂಡು, “ಕಡಿಮಿ ಮಾಡು, ಕೂಸು ಅಂಜತೈತಿ” ಎಂದು ಹೇಳಿ, ತಾವೇ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತು ಅಂಗೈಯನ್ನು ಗಿಟಾರಿನ ಹಲಗೆಯ ಮೇಲೆ ಇಟ್ಟರು. ಟೊಳ್ಳಿಲ್ಲದ ಆ ಕಟ್ಟಿಗೆಯಲ್ಲಿ ತಂತಿಯ ನಡುಕ ಕೈಗೆ ತಿಳಿಯುತ್ತದೆ. ಗುಂಡಿಯನ್ನು ಇಳಿಸಿದೆ. ಅರ್ಧ ಕಿವಿಯಿಂದ, ಅರ್ಧ ಅಂಗೈಯಿಂದ ಅವರು ತಮ್ಮ ಪದವನ್ನು ಪೂರ್ತಿ ಕೇಳಿದರು; ನಾನು ತಪ್ಪಿದ ಕಡೆ ಬೆರಳಿನಿಂದ ಹಲಗೆಯನ್ನು ತಟ್ಟಿ ತಿದ್ದಿದರು. ಮಗು ಅಳು ನಿಲ್ಲಿಸಿ ಅವರ ಇನ್ನೊಂದು ತೊಡೆಗೆ ಒರಗಿತು.

ದನಿಯನ್ನು ಎತ್ತರಿಸುವುದು ಬಹುಮಟ್ಟಿಗೆ ಹತ್ತಿರ ಹೋಗಲಾರದವನ ಉಪಾಯವೆಂದು ನನಗೆ ಆಗ ಅನಿಸಿತು. ನೂರು ವಿದ್ಯಾರ್ಥಿಗಳ ತರಗತಿಯಲ್ಲಿ ನನಗೆ ಮೈಕು ಬೇಕು, ಅದು ತಪ್ಪಲ್ಲ. ಆದರೆ ಹಿಂದಿನ ಬೆಂಚಿನವನಿಗೆ ಪಾಠ ಮುಟ್ಟದಿರುವುದು ಎಷ್ಟೋ ಸಲ ದನಿ ಸಾಲದ್ದರಿಂದಲ್ಲ, ನಾನು ಅವನ ಬಳಿಗೆ ಎಂದೂ ನಡೆದುಹೋಗದ್ದರಿಂದ. ಜಾತ್ರೆಯ ಧ್ವನಿವರ್ಧಕವೂ ಚುನಾವಣೆಯ ವಾಹನವೂ ಎಲ್ಲರಿಗೂ ಕೇಳಿಸುತ್ತವೆ, ಯಾರೊಡನೆಯೂ ಮಾತಾಡುವುದಿಲ್ಲ.

ಇದರಲ್ಲಿ ವಾದ್ಯದ ತಪ್ಪೇನೂ ಇಲ್ಲ. ವಾದ್ಯಕ್ಕೆ ಜಾತಿ ಕಟ್ಟಿ ಹೊರಗಿಡುವ ಚಟ ನಮಗೆ ಹಳೆಯದು. ನಮ್ಮ ಭಜನೆಯ ಪೇಟಿಯನ್ನೇ 1940ರಲ್ಲಿ ರೇಡಿಯೊ ಬಹಿಷ್ಕರಿಸಿತು. ಸುಮಾರು ಮೂರು ದಶಕ ಆ ಬಹಿಷ್ಕಾರ ನಡೆಯಿತು. ಗುಡಿಯ ಕಟ್ಟೆಯ ಮೇಲಿನ ಪೇಟಿ ಮಾತ್ರ ನಿಲ್ಲಲಿಲ್ಲ. ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ಮಡಿಲಲ್ಲಿಟ್ಟು ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು, ಯು. ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ತ್ಯಾಗರಾಜರ ಕೃತಿಗಳನ್ನು ನುಡಿಸಿದರು. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು ಬಂದಾಗ ಸಭೆಯಲ್ಲಿ ಕೂಗಾಟವಾಯಿತು. ಜನ ಒಲ್ಲೆನೆಂದದ್ದು ವಿದ್ಯುತ್ತನ್ನೋ, ಅಬ್ಬರದಲ್ಲಿ ಹಾಡಿನ ಮಾತು ಕೇಳಿಸದೆ ಹೋದದ್ದನ್ನೋ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡನೆಯದೇ ನಿಜವಾಗಿದ್ದರೆ ಆ ಸಭೆಯ ಮೇಲೆ ನನಗೆ ಸಿಟ್ಟಿಲ್ಲ.

ಊರಿನಿಂದ ಮರಳಿದ ಮೇಲೆ ಪಕ್ಕದ ಮನೆಗೆ ಹೋಗಿ, ಅವ್ವ ಎಚ್ಚರವಾಗಿರುವ ಹೊತ್ತು ಯಾವುದೆಂದು ಕೇಳಿದೆ. ಮುಂಜಾನೆ ಹತ್ತರ ಮೇಲೆ ಎಂದರು. ರವಿವಾರಗಳಲ್ಲಿ ಆ ಹೊತ್ತಿಗೆ ಸ್ವಲ್ಪವೇ ದನಿಯಿಟ್ಟು ನುಡಿಸುತ್ತೇನೆ. ಕಳೆದ ವಾರ ನಡುವೆ ನಿಲ್ಲಿಸಿದಾಗ ಆ ಮನೆಯ ಹುಡುಗ ಬಂದು, “ಅಜ್ಜಿ ಕೇಳ್ಯಾರ, ಯಾಕ ನಿಂದ್ರಿಸಿದ್ರಿ ಅಂತ” ಎಂದ. ಗಿಟಾರನ್ನು ಎತ್ತಿಕೊಂಡು ಅವರ ಮನೆಗೇ ಹೋದೆ. ಪೆಟ್ಟಿಗೆ ನಮ್ಮ ಮನೆಯಲ್ಲಿಯೇ ಉಳಿಯಿತು. ಹಾಸಿಗೆಯ ಬದಿಗೆ ಕುಳಿತು ನುಡಿಸಿದರೆ ಅವರಿಗೆ ಅಷ್ಟೇ ಸಾಕಾಗುತ್ತದೆ.