ಕರುವನ್ನು ಆ ಹುಡುಗನ ಕೈಗೆ ಕೊಟ್ಟಿದ್ದು ಯಾಕೆ?

ಆದಿಕಾಂಡ 18ನೇ ಅಧ್ಯಾಯ ತೆಗೆಯಿರಿ, ಮೊಬೈಲ್‌ನಲ್ಲಾದರೂ ಸರಿ. 1ರಿಂದ 8ನೇ ವಚನ.

ಮಧ್ಯಾಹ್ನದ ಉರಿಬಿಸಿಲು. ಗುಡಾರದ ಬಾಗಿಲಲ್ಲಿ ಕೂತಿದ್ದ ಅಬ್ರಹಾಮನಿಗೆ ಮೂವರು ಕಾಣಿಸ್ತಾರೆ. ಯಾರೋ, ಯಾವ ಊರಿನವರೋ ಗೊತ್ತಿಲ್ಲ. ಹಿಂದಿನ ಅಧ್ಯಾಯದ ಪ್ರಕಾರ ಅವನಿಗೆ 99 ವರ್ಷ. ಆದರೂ ಎದ್ದು ಓಡ್ತಾನೆ! ಕಾಲು ತೊಳೆಯೋಕೆ ನೀರು ತರಿಸ್ತೀನಿ ಅಂತಾನೆ, ಸಾರಳಿಗೆ ರೊಟ್ಟಿ ಮಾಡು ಅಂತಾನೆ. ಆಮೇಲೆ 7ನೇ ವಚನ ನೋಡಿ. ಹಿಂಡಿಗೆ ಓಡಿ, ಒಳ್ಳೆಯ ಎಳೆಗರು ತಂದು, ಒಬ್ಬನ ಕೈಗೆ ಕೊಡ್ತಾನೆ. ಯಾರವನು? ಹೀಬ್ರೂ ಮೂಲದಲ್ಲಿ 'ನಅರ್' ಅಂತ ಇದೆ. ಆ ಮಾತಿಗೆ ಹುಡುಗ ಅಂತಲೂ ಅರ್ಥ, ಆಳು ಅಂತಲೂ ಅರ್ಥ. 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ, ಆ ಹುಡುಗ ಇಷ್ಮಾಯೇಲನೇ, ಒಳ್ಳೆಯ ಕೆಲಸ ರೂಢಿಯಾಗಲಿ ಅಂತ ತಂದೆ ಅವನಿಗೆ ಕೊಟ್ಟ ಅಂತ ಬರೆದಿದ್ದಾರೆ. ವಾಕ್ಯ ಹೆಸರು ಹೇಳೋದಿಲ್ಲ. ಆದರೆ ಇಷ್ಮಾಯೇಲನಿಗೆ ಆಗ 13 ವರ್ಷ ಅಂತ ವಾಕ್ಯವೇ ಹೇಳುತ್ತೆ. ಆ ಗುಡಾರದಲ್ಲಿ ನಡೆದದ್ದನ್ನೆಲ್ಲ ನೋಡೋ ವಯಸ್ಸು!

ಈಗ ಪುಟ ತಿರುಗಿಸಿ. 19ನೇ ಅಧ್ಯಾಯ, ಸೊದೋಮ್. ಬಂದವರಲ್ಲಿ ಇಬ್ಬರು ಅದೇ ಸಾಯಂಕಾಲ ಆ ಊರಿಗೆ ಹೋಗ್ತಾರೆ. ಲೋಟನ ಮನೆಯನ್ನು ಸುತ್ತಿಕೊಂಡವರು ಯಾರು? 4ನೇ ವಚನ: ಎಳೆಯರೂ ಮುದುಕರೂ, ಊರಿಗೆ ಊರೇ. ಎಳೆಯರು ಅಂತ ಓದುವಾಗ ನನಗೆ ಎದೆ ನಡುಗುತ್ತೆ. ಅತಿಥಿಗಳು ಅವರೇ. ಒಂದು ಕಡೆ ಹುಡುಗ ಅವರಿಗೆ ಅಡುಗೆ ಮಾಡ್ತಿದ್ದಾನೆ, ಇನ್ನೊಂದು ಕಡೆ ಹುಡುಗರು ಅವರ ಮೇಲೆ ಬೀಳೋಕೆ ಬಂದಿದ್ದಾರೆ. ಸೊದೋಮಿನ ಮಕ್ಕಳಿಗೆ ಯಾರೂ ಪಾಠ ಮಾಡಿರಲಿಕ್ಕಿಲ್ಲ. ದೊಡ್ಡವರನ್ನು ನೋಡಿದ್ರು, ಅಷ್ಟೇ.

ನೀವು ಕೇಳಬಹುದು: "ಬ್ರದರ್, ಇದು ಬೆಂಗಳೂರು. ಅಪರಿಚಿತರ ಹತ್ತಿರ ಹೋಗಬೇಡ ಅಂತ ಮಕ್ಕಳಿಗೆ ಹೇಳಲೇಬೇಕಲ್ವಾ?" ಹೇಳಲೇಬೇಕು. ಅಬ್ರಹಾಮ ಕೂಡ ಹುಡುಗನನ್ನು ಒಬ್ಬನೇ ದಾರಿಗೆ ಕಳಿಸಲಿಲ್ಲ. ತಾನು ಮುಂದೆ ಓಡಿದ. ಹುಡುಗ ಮನೆಯವರ ನಡುವೆ ಇದ್ದು ಸೇವೆ ಮಾಡಿದ. ಅದಕ್ಕೇ ಸಭೆ ಬೇಕು, ಪ್ರಿಯರೇ. ಮಗು ಒಂಟಿಯಾಗಿ ಮಾಡಬಾರದ್ದನ್ನು ನಮ್ಮ ಪಕ್ಕದಲ್ಲಿ ನಿಂತು ಮಾಡಬಹುದು.

ಫ್ರಾನ್ಸ್‌ನಲ್ಲಿ ಲ ಶಾಂಬೋನ್ ಅನ್ನೋ ಬೆಟ್ಟದ ಹಳ್ಳಿ ಇದೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯರನ್ನು ಆ ಹಳ್ಳಿಯವರು ಮನೆಗಳಲ್ಲಿ, ತೋಟದ ಮನೆಗಳಲ್ಲಿ ಅಡಗಿಸಿಟ್ಟರು. ಅಲ್ಲಿನ ಪಾಸ್ಟರ್ ಆಂಡ್ರೆ ಟ್ರೋಕ್ಮೆ, ಅವರ ಹೆಂಡತಿ ಮಗ್ಡಾ. ಓಡಿಬಂದ ಮಕ್ಕಳು ಊರ ಮಕ್ಕಳ ಜೊತೆಯಲ್ಲೇ ಶಾಲೆಯಲ್ಲಿ ಕೂತರು. ಆ ಹಳ್ಳಿಯವರ ಪೂರ್ವಿಕರು ಹ್ಯೂಗೆನೋ ವಿಶ್ವಾಸಿಗಳು, ತಾವೇ ಹಿಂಸೆ ಅನುಭವಿಸಿದವರು. ಆ ನೆನಪನ್ನು ಮಕ್ಕಳಿಗೆ ದಾಟಿಸಿದ್ದರು. ಧರ್ಮೋಪದೇಶಕಾಂಡ 10:18-19 ಹೇಳೋದೂ ಇದನ್ನೇ. ಪರದೇಶಿಗೆ ಅನ್ನ ಬಟ್ಟೆ ಕೊಡುವವನು ದೇವರು, ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ, ಆದ್ದರಿಂದ ಪ್ರೀತಿಸಿ ಅಂತ.

ನಮ್ಮಲ್ಲೂ ಎಷ್ಟೋ ಜನ ಒಂದು ಬ್ಯಾಗ್ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದವರೇ. ಮೊದಲ ಊಟ ಹಾಕಿದವರು ಯಾರು ಅಂತ ಮಕ್ಕಳಿಗೆ ಹೇಳಿದ್ದೀರಾ? ಡೆಲಿವರಿ ಹುಡುಗ ಬಾಗಿಲಿಗೆ ಬಂದಾಗ ಮುಖ ನೋಡಿ ಮಾತಾಡ್ತೀರಾ, ಪಾರ್ಸೆಲ್ ಕಿತ್ಕೊಂಡು ಬಾಗಿಲು ಹಾಕ್ತೀರಾ? ಒಳಗಿನಿಂದ ಮಗು ನೋಡ್ತಾ ಇದೆ. ಮದುವೆಯಾಗದ ತಮ್ಮಂದಿರೇ, ತಂಗಿಯರೇ, ಇದು ನಿಮಗೂ ಸೇರಿದ್ದು. ಸಂಡೇ ಸ್ಕೂಲ್ ಮಕ್ಕಳು ಅಪ್ಪ ಅಮ್ಮನಿಗಿಂತ ನಿಮ್ಮನ್ನೇ ಹೆಚ್ಚು ನೋಡ್ತಾರೆ.

ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಒಂದು ಕೆಲಸ ಮಾಡೋಣ. ಹೊಸಬರು ಕೂತ ಸಾಲಿಗೆ ಮೊದಲು ನೀವು ಹೋಗಿ. ನೀರಿನ ಲೋಟ ಮಗುವಿನ ಕೈಯಲ್ಲಿ ಇರಲಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ತಂದೆಯೇ, ಪರದೇಶಿಗಳಾಗಿದ್ದ ನಮ್ಮನ್ನು ಕ್ರಿಸ್ತನಲ್ಲಿ ಮನೆಗೆ ಸೇರಿಸಿದಿ, ಸ್ತೋತ್ರ. ನಮ್ಮ ಮಕ್ಕಳು ನಮ್ಮಲ್ಲಿ ನಿನ್ನ ಪ್ರೀತಿಯನ್ನೇ ಕಾಣುವಂತೆ ಪವಿತ್ರಾತ್ಮನಿಂದ ನಮ್ಮನ್ನು ಬದಲಾಯಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.