ಕೂಡದ ಮೂಳೆ ಮತ್ತು ಕರ್ಮದ ಮಾತು

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಾಗಲಿ, ಚಿಂತಾಮಣಿಯ ಮಂಡಿಗಳಲ್ಲಾಗಲಿ, ಕಾಲು ಮುರಿದ ವೃದ್ಧರೊಬ್ಬರ ಮೂಳೆ ತಿಂಗಳುಗಳು ಕಳೆದರೂ ಕೂಡಿಕೊಳ್ಳದಿದ್ದಾಗ, ಅವರ ಸಕ್ಕರೆ ಕಾಯಿಲೆಯನ್ನು ಬಲ್ಲ ಬಂಧುಗಳೂ ಕಡೆಗೆ ‘ಅವರ ಕರ್ಮ’ ಎಂದು ನಿಟ್ಟುಸಿರಿಡುವುದುಂಟು. ಆ ಮಾತಿನಲ್ಲಿ ಮರುಕವಿದ್ದರೂ, ರೋಗಿಯನ್ನೇ ಅಪರಾಧಿಯೆನ್ನುವ ತೀರ್ಪೊಂದು ಅದರೊಳಗೆ ಅಡಗಿದೆ. ಕರ್ಮತತ್ತ್ವದ ತಾತ್ಪರ್ಯ ಇದೇ ಏನು?

ಮೂಳೆ ಮುರಿದೆಡೆಯಲ್ಲಿ ರಕ್ತ ಹೆಪ್ಪುಗಟ್ಟಿ, ಉರಿಯೂತವು ತನ್ನ ಕಾರ್ಯವನ್ನು ಮುಗಿಸಿ ಶಮನಗೊಂಡ ಮೇಲೆ, ಮೊದಲು ಮೃದ್ವಸ್ಥಿಯು ರೂಪುಗೊಳ್ಳುತ್ತದೆ. ಅದನ್ನು ಕರಗಿಸುವ ಜೀವಕೋಶಗಳ ಬೆನ್ನಿಗೇ ಮೂಳೆ ಕಟ್ಟುವ ಜೀವಕೋಶಗಳು ಬಂದು ಗಟ್ಟಿ ಅಸ್ಥಿಯನ್ನು ರಚಿಸುತ್ತವೆ. ಲಯವೂ ಸೃಷ್ಟಿಯೂ ಅಲ್ಲಿ ಒಂದರ ಗತಿಯನ್ನೊಂದು ಅನುಸರಿಸುತ್ತವೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಮಿತಿಮೀರಿದಲ್ಲಿ ಈ ಸಾಮ್ಯವು ಕೆಡುತ್ತದೆ: ಉರಿಯೂತ ಅಡಗದು, ಟಿ.ಎನ್.ಎಫ್. ಎಂಬ ಸಂದೇಶದ್ರವ್ಯ ಹೆಚ್ಚಿ, ಮೃದ್ವಸ್ಥಿಯು ಅಕಾಲದಲ್ಲಿ ಕರಗುತ್ತದೆ, ಕಟ್ಟುವ ಕೋಶಗಳು ಅಕಾಲದಲ್ಲಿ ಮಡಿಯುತ್ತವೆ. ಹೊಸ ರಕ್ತನಾಳಗಳು ಸಾಕಷ್ಟು ಚಿಗುರವು. ಸಕ್ಕರೆ ಅಂಟಿದ ಕೊಲಾಜೆನ್ ಎಳೆಗಳು ಪೆಡಸಾಗುತ್ತವೆ. ಮಧುಮೇಹವುಳ್ಳ ಪ್ರಾಣಿಗಳಿಗೆ ಇನ್ಸುಲಿನ್ ಕೊಟ್ಟ ಪ್ರಯೋಗಗಳಲ್ಲಿ ಈ ಕೆಡುಕು ಬಹುಮಟ್ಟಿಗೆ ತಗ್ಗಿದ್ದು ಕಂಡುಬಂದಿದೆ.

ನಮ್ಮ ಪ್ರಾಚೀನ ವೈದ್ಯರು ಕರ್ಮವನ್ನು ನಂಬಿಯೂ ಕೈಕಟ್ಟಿ ಕುಳಿತವರಲ್ಲ. ಸುಶ್ರುತಸಂಹಿತೆಯು ಮಧುಮೇಹವನ್ನೂ ಒಳಗೊಂಡ ಪ್ರಮೇಹವೆಂಬ ರೋಗವರ್ಗವನ್ನು ಹುಟ್ಟಿನೊಡನೆ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡಾಗಿ ವಿಂಗಡಿಸಿತು. ಹುಟ್ಟಿನೊಡನೆ ಬಂದುದಕ್ಕೆ ರೋಗಿಯ ನಡತೆಯನ್ನು ದೂರುವುದೆಂತು? ಚರಕಸಂಹಿತೆಯ ವಿಮಾನಸ್ಥಾನವಂತೂ ಹಿಂದಿನ ದೇಹದಲ್ಲಿ ಮಾಡಿದ ಕರ್ಮವನ್ನು ದೈವವೆಂದೂ ಇಂದಿನ ಯತ್ನವನ್ನು ಪುರುಷಕಾರವೆಂದೂ ಕರೆದು, ದುರ್ಬಲವಾದ ದೈವವನ್ನು ಪ್ರಬಲವಾದ ಪುರುಷಕಾರವು ಮೀರಬಲ್ಲುದೆಂದು ಸಾರಿತು. ಆಯುಷ್ಯವೆಲ್ಲ ಮೊದಲೇ ನಿಯತವಾಗಿದ್ದ ಪಕ್ಷದಲ್ಲಿ ಔಷಧವೇ ನಿರರ್ಥಕವಾಗುತ್ತಿತ್ತೆಂದು ವಾದಿಸಿತು.

ಕಾರಣವನ್ನರಸುವ ಈ ನಿಲುವು ಈಚಿನ ಕಾಲದಲ್ಲಿ ಬೇರೊಂದು ಬಗೆಯಲ್ಲಿ ಕಾಣಿಸಿಕೊಂಡಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗಾಗಿ ಸಮಿತಿಯೊಂದನ್ನು ರಚಿಸಿದರು. ಅವರ ವೈಚಾರಿಕತೆಗೂ ಚರಕನ ಆಸ್ತಿಕತೆಗೂ ಅಂತರ ಬಹಳ. ಆದರೂ ಕಾರಣವನ್ನರಸದೆ ಸುಮ್ಮನಾಗುವುದು ಮನುಷ್ಯನಿಗೆ ತಕ್ಕುದಲ್ಲವೆಂಬಲ್ಲಿ ಇಬ್ಬರೂ ಒಂದೇ ಪಕ್ಷದವರು.

ಕರ್ಮದಲ್ಲಿ ನಂಬಿಕೆಯುಳ್ಳವರು ಅದನ್ನು ತಮ್ಮ ನಡೆಗೆ ಅನ್ವಯಿಸಿಕೊಳ್ಳಲಿ; ಪರರ ನೋವಿಗೆ ಅದನ್ನು ವಿವರಣೆಯಾಗಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಹಿರಿಯರ ಮೂಳೆ ಕೂಡಲು ತಡವಾದ ಮನೆಯಲ್ಲಿ ಪಥ್ಯದ ಊಟವನ್ನು ಅಣಿಮಾಡುವುದು, ರಕ್ತದ ಸಕ್ಕರೆಯನ್ನು ಕಾಲಕಾಲಕ್ಕೆ ಪರೀಕ್ಷಿಸುವುದು, ಔಷಧವನ್ನು ತಪ್ಪದೆ ಕೊಡುವುದು, ಬೇಸರವಿಲ್ಲದೆ ಶುಶ್ರೂಷೆ ಮಾಡುವುದು, ಇವೇ ಆ ಹೊತ್ತಿನ ಧರ್ಮ.